ಮುಖ ಓದುವ ಕಂಡಕ್ಟರ್ ಕಾಕಾ

ನಮ್ಮ ಕಾಕಾನ ಎದುರು ಎರಡು ನಿಮಿಷ ನಿಲ್ಲುವುದಕ್ಕಿಂತ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಂಗಾತ ಮಲಗುವುದು ಎಷ್ಟೋ ಮೇಲು! ಅಲ್ಲಿ ಕಿಡ್ನಿಯಲ್ಲಿ ಕಲ್ಲಿದ್ದರೆ ಮಾತ್ರ ಹೇಳುತ್ತಾರೆ, ಅದೂ ಕಿವಿಯಲ್ಲಿ. ಕಾಕಾ ಮನಸ್ಸಿನಲ್ಲಿರುವ ಕಲ್ಲನ್ನೂ ಹೇಳುತ್ತಾನೆ, ಐವತ್ತು ಜನರ ಮುಂದೆ, ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ.

ಅವನು ನಮ್ಮಪ್ಪನ ಕೊನೆಯ ತಮ್ಮ. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ನನ್ನ ಮನೆ ಸಿಂಧನೂರಿನಲ್ಲಿ, ಕಾಮರ್ಸ್ ಪಾಠ ಹೇಳುವ ಕಾಲೇಜು ಲಿಂಗಸುಗೂರಿನಲ್ಲಿ. ದಿನಾ ಬೆಳಿಗ್ಗೆ ಅವನ ಬಸ್ಸೇ ಗತಿ. ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಒಂದು ದಿನ ಗೀಸರಿನ ವಿಷಯಕ್ಕೆ ಹೆಂಡತಿಯ ಜೊತೆ ಸಣ್ಣದಾಗಿ ಮಾತಾಗಿತ್ತು. ಬಸ್ಸು ಹತ್ತಿದ್ದೇ ತಡ, ಕಾಕಾ ನನ್ನ ಮುಖ ನೋಡಿದ.

"ಏನಲೇ, ಜಗಳ ಆಡಿ ಬಂದಿಯೇನು?"

"ಇಲ್ಲ ಕಾಕಾ."

"ಆಡಿದ್ದಿ ಬಿಡು. ತಪ್ಪೂ ನಿಂದೇ ಐತಿ. ತಪ್ಪು ಮಾಡಿದಾಗ ಅಷ್ಟ ನೀ ಕಿಟಕಿ ಕಡಿ ನೋಡತಿ."

ಹಿಂದಿನ ಸೀಟಿನಲ್ಲಿ ನನ್ನದೇ ಮೂವರು ವಿದ್ಯಾರ್ಥಿಗಳು! ಮಸ್ಕಿ ಬರುವಷ್ಟರಲ್ಲಿ ಕಾಕಾ ನನ್ನ ಹೆಂಡತಿಗೆ ಫೋನ್ ಹಚ್ಚಿ, ಇಬ್ಬರ ಪರವಾಗಿಯೂ ತಾನೇ ಮಾತಾಡಿ, ರಾಜಿ ಮುಗಿಸಿದ್ದ. ಹೊಸ ಗೀಸರ್ ತರಲು ನಾನು ಒಪ್ಪಿಕೊಂಡಿದ್ದೇನೆ ಎಂಬ ಸುದ್ದಿ ನನಗೆ ತಿಳಿದದ್ದು ಸಂಜೆ ಮನೆಗೆ ಹೋದ ಮೇಲೆ!

ಮಿಕ್ಕ ಪ್ರಯಾಣಿಕರದೂ ಇದೇ ಪಾಡು. ಗೊರೇಬಾಳದ ಗಂಡಹೆಂಡತಿ ಒಮ್ಮೆ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಕಾಕಾ ಬಿಟ್ಟಾನೆಯೇ? "ಇಬ್ಬರೂ ಒಂದ ಸೀಟಿನ್ಯಾಗ ಕುಂದರೋ ತನಕ ಟಿಕೆಟ್ ಹರಿಯಾಂಗಿಲ್ಲ ನೋಡ್ರಿ" ಎಂದು ನಿಂತುಬಿಟ್ಟ. ಪಾಪ, ಕೂತರು. ಆಮೇಲೆ ಲಿಂಗಸುಗೂರು ಮುಟ್ಟುವವರೆಗೆ ಅವರಿಬ್ಬರು ಆಡಿದ ಜಗಳಕ್ಕೆ ಬಸ್ಸಿನಲ್ಲಿ ಒಂದು ಮಗುವೂ ನಿದ್ದೆ ಮಾಡಲಿಲ್ಲ. ಕಾಕಾ ಮಾತ್ರ ಪರಮ ಸಂತೋಷದಿಂದ ನನ್ನ ಕಿವಿಯಲ್ಲಿ ಹೇಳಿದ: "ನೋಡಲೇ, ಮಾತು ಚಾಲೂ ಆದ್ವು!"

ಇನ್ನೊಮ್ಮೆ ಪಾಮನಕಲ್ಲೂರಿನ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಫೇಲಾಗಿ ಬಿಕ್ಕಳಿಸುತ್ತಿದ್ದಳು. ಅವಳನ್ನು ಸಮಾಧಾನ ಮಾಡುತ್ತಾ ಕಾಕಾ ಸೀಟಿ ಊದುವುದನ್ನೇ ಮರೆತ. ಬಸ್ಸು ನಿಂತಲ್ಲೇ ನಿಂತಿತು. ಡ್ರೈವರ್ ಸಾಹೇಬರು ಹೊರಳಿ ನೋಡಿ, "ಅರೇ ಭಾಯಿ, ಇದು ಬಸ್ಸೋ, ದವಾಖಾನಿಯೋ?" ಎಂದರು.

"ಮನ್ಯಾಗ ಅಳಾಕ ಜಾಗಾ ಇದ್ರ ಆಕಿ ಇಲ್ಲ್ಯಾಕ ಅಳತಿದ್ಲು ಸಾಹೇಬ್ರ?" ಎಂದ ಕಾಕಾ.

ಉತ್ತರವೇನೋ ಚೆನ್ನಾಗಿದೆ, ಆದರೆ ನನ್ನ ಮೊದಲ ಪಿರಿಯಡ್ಡಿನ ಗತಿ? ನಾನು ಓಡುತ್ತಾ ಕಾಲೇಜಿಗೆ ಬಂದರೆ ಪ್ರಿನ್ಸಿಪಾಲರು ಗಡಿಯಾರವನ್ನೂ ನೋಡುತ್ತಿರಲಿಲ್ಲ. "ಇವತ್ತು ಯಾರು ಅತ್ತರ್ರೀ?" ಎಂದು ಕೇಳುತ್ತಿದ್ದರು!

ಹೀಗಿರುವಾಗ ಹೋದ ವರ್ಷ ನಮ್ಮ ಕಾಲೇಜಿನಲ್ಲಿ 'ಭಾವನಾತ್ಮಕ ಬುದ್ಧಿವಂತಿಕೆ'ಯ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ತನ್ನ ಮನಸ್ಸನ್ನೂ ಇತರರ ಮನಸ್ಸನ್ನೂ ಅರಿತು ನಡೆಯುವ ಜಾಣತನವಂತೆ ಅದು. ತರಬೇತಿ ಕೊಡಲು ಬಂದವರು ಐವತ್ತು ಅಂಕದ ಪ್ರಶ್ನೆಪತ್ರಿಕೆ ಕೊಟ್ಟರು. ಇಡೀ ಸ್ಟಾಫಿನಲ್ಲಿ ಅತಿ ಕಡಿಮೆ ಅಂಕ ಯಾರಿಗೆ? ಕೇಳಬೇಕೆ! ಈ ಜಾಣತನ ಇದ್ದವರನ್ನು ಖಿನ್ನತೆ ಸುಲಭಕ್ಕೆ ಮುಟ್ಟುವುದಿಲ್ಲ ಎಂದೂ ಅವರು ಹೇಳಿದರು.

ಮರುದಿನ ಬಸ್ಸಿನಲ್ಲಿ ಅದೇ ಪತ್ರಿಕೆಯನ್ನು ಕಾಕಾನಿಗೆ ಕೊಟ್ಟೆ. ನಲವತ್ತೆಂಟು! ಮುಂದಿನ ಒಂದು ವಾರ ಟಿಕೆಟ್ಟಿನ ಜೊತೆಗೆ ಆ ನಲವತ್ತೆಂಟನ್ನೂ ಊರೂರಿಗೆ ಹಂಚಿದ. ಎರಡು ಅಂಕ ಕೈತಪ್ಪಿದ್ದು ಯಾಕೆಂದರೆ, 'ನಿಮಗೆ ಬೇಸರವಾದಾಗ ಯಾರಿಗಾದರೂ ಹೇಳಿಕೊಳ್ಳುತ್ತೀರಾ?' ಎಂಬ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದ. "ಅದು ನನಗ ಸಂಬಂಧ ಇಲ್ಲಲೇ" ಎಂದು ನಕ್ಕ. ನಾನೂ ನಕ್ಕೆ.

ಎರಡು ತಿಂಗಳ ನಂತರ ಡ್ರೈವರ್ ಸಾಹೇಬರು ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದರು. "ಸರ್, ನಿಮ್ಮ ಕಾಕಾ ಬುತ್ತಿ ಬಿಚ್ಚಂಗಿಲ್ರೀ. ಕಾಕಿ ಕಟ್ಟಿದ್ದನ್ನ ಹಂಗ ತಂದು ನಾಯಿಗೆ ಹಾಕ್ತಾನ. ಮಂದಿ ಇಳಿದ ಕೂಡ್ಲೇ ಹಿಂದಿನ ಸೀಟಿಗೆ ಹೋಗಿ ಗ್ವಾಡಿ ನೋಡಿದಂಗ ಕುಂದರ್ತಾನ. ಭಾಳ ದಿನ ಆತು."

ನನಗೆ ಮೊದಲು ಬಂದದ್ದು ಸಿಟ್ಟು. ಊರಿನ ಹೊಟ್ಟೆನೋವನ್ನೆಲ್ಲ ಕೇಳುವವನು ತನ್ನದನ್ನು ಹೇಳಲಿಕ್ಕಾಗದೇ? ಅಂದು ಪಾಠ ಬಿಟ್ಟು ಮಧ್ಯಾಹ್ನ ಸ್ಟ್ಯಾಂಡಿಗೆ ಬಂದೆ. ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕಾಕಾ ಕೂತಿದ್ದ. ನನ್ನನ್ನು ಕಂಡೊಡನೆ ಮುಖಕ್ಕೆ ನಗು ಬಂತು. ಎಷ್ಟು ಬೇಗ ಬಂತೆಂದರೆ ನನ್ನಂಥ ದಡ್ಡನಿಗೂ ಅದು ಹಚ್ಚಿಕೊಂಡ ನಗು ಎಂದು ಗೊತ್ತಾಯಿತು.

"ಯಾಕಲೇ, ಮುಖ ಸಣ್ಣದಾಗೈತಿ?"

"ನನ್ನ ಮುಖ ಬಿಡು ಕಾಕಾ. ನಿಂದು ಹೇಳು."

ಬಹಳ ಹೊತ್ತು ಟಿಕೆಟ್ ಮಷಿನ್ನನ್ನು ಒರೆಸಿದ. ಆಮೇಲೆ ಹೇಳಿದ: "ಮುಂಜಾನೆ ಅಂಗಿ ಗುಂಡಿ ಹಾಕ್ಕೊಳ್ಳಾಕೂ ಭಾರ ಆಕ್ಕೈತಿ. ಯಾಕಂತ ಕೇಳಬ್ಯಾಡ, ಯಾಕೂ ಇಲ್ಲ. ಮಂದಿ ಮುಖದಾಗ ಇದು ಕಂಡ್ರ ನನಗ ಗುರ್ತ ಹತ್ತತೈತಿ. ಅದಕ್ಕ ನನ್ನ ಮುಖದಾಗ ಕಾಣದಂಗ ಇಡೋದೂ ಬರತೈತಿ. ಅಷ್ಟ."

ಮರುದಿನವೇ ಲಿಂಗಸುಗೂರಿನಲ್ಲಿ ಮನೋವೈದ್ಯರೊಬ್ಬರ ಬಳಿ ಹೋದೆವು. ಕಾಕಿಯೂ ಬಂದಳು. ಅಲ್ಲಾದರೂ ಸುಮ್ಮನಿದ್ದನೇ? ಕುರ್ಚಿಯಲ್ಲಿ ಕೂತವನೇ, "ಡಾಕ್ಟ್ರ, ನಿಮಗ ಸರಿಯಾಗಿ ನಿದ್ದಿ ಆಗಿಲ್ಲ ಕಾಣತೈತಿ. ಮನ್ಯಾಗ ಏನರೆ ಚಿಂತಿ ಐತೇನ್ರಿ?" ಎಂದ! ನಾನು ಹಣೆ ಚಚ್ಚಿಕೊಂಡೆ.

ಆ ವೈದ್ಯೆ ನಕ್ಕರು. "ಹೌದ್ರಿ, ನಿದ್ದಿ ಆಗಿಲ್ಲ. ಆದರ ಇವತ್ತಿನ ಪಾಳಿ ನಿಮ್ಮದು."

ಕಾಕಾ ಬಾಯಿ ತೆರೆದ. ಅಳು ಬಂತು. ಕಾಕಿ ಸೆರಗಿನಿಂದ ಅವನ ಮುಖ ಒರೆಸುತ್ತಾ, "ನನಗ ಒಂದು ಮಾತು ಹೇಳಾಕ ಏನಾಗಿತ್ತು ನಿಮಗ?" ಎಂದು ಬೈಯುತ್ತಲೇ ಇದ್ದಳು.

ಗುಳಿಗೆ ಶುರುವಾದವು. ಹದಿನೈದು ದಿನಕ್ಕೊಮ್ಮೆ, ಅವನ ರಜೆಯ ದಿನ, ವೈದ್ಯೆಯ ಜೊತೆ ಮಾತುಕತೆ. ಮೊದಲ ಎರಡು ಸಲ ಹೋಗುವಾಗ ಹೇಗಿದ್ದನೋ ಬರುವಾಗಲೂ ಹಾಗೇ ಇದ್ದ. ಇಷ್ಟೊಂದು ಮಾತಾಡುತ್ತಿದ್ದ ಮನುಷ್ಯನ ಪಕ್ಕ ಸುಮ್ಮನೆ ಕೂತು ಪ್ರಯಾಣ ಮಾಡುವುದು ಎಂಥ ಕಷ್ಟ ಎಂದು ನನಗೆ ಆಗ ತಿಳಿಯಿತು.

ಮೂರನೆಯ ಸಲ ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಕಿಟಕಿಯ ಹೊರಗೆ ಬಂಡಿಯ ಮೇಲೆ ಮಿರ್ಚಿ ಕರಿಯುತ್ತಿದ್ದರು. ಕಾಕಾ ಅದನ್ನೇ ನೋಡುತ್ತಾ, "ಲೇ, ಹಸಿವಿ ಆಗೈತಿ" ಎಂದ.

ಎದ್ದುಬಿದ್ದು ಇಳಿದು ನಾಲ್ಕು ತಂದೆ. ನನಗೂ ಕೊಡದೆ ಎಲ್ಲವನ್ನೂ ತಿಂದ. ಕಾಗದದಲ್ಲಿ ಉಳಿದ ಚೂರನ್ನೂ ಬಿಡಲಿಲ್ಲ. ಆಮೇಲೆ ಸ್ವಲ್ಪ ಸಂಕೋಚದಿಂದ, "ಇನ್ನೆರಡು ತರ್ತಿಯೇನು?" ಎಂದು ಕೇಳಿದ.

ನನಗೆ ನೆನಪಿರುವ ಮಟ್ಟಿಗೆ ಕಾಕಾ ತನಗೆಂದು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು. ಹೊಡೆಯಲಿ ಬಿಡಿ ಎಂದುಕೊಂಡು ಬಂಡಿಯ ಕಡೆಗೆ ಓಡಿದೆ.