ನಿನ್ನೆಯ ನೀರು

ಬಿಲ್ಡಿಂಗಿನ ಸೆಕ್ರೆಟರಿಯಾದವನು ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ. ಆಂಟಾಪ್ ಹಿಲ್ ಬಡಾವಣೆಯ ನಮ್ಮ ನಾಲ್ಕು ಮಜಲಿನ ಕಟ್ಟಡದಲ್ಲಿ ಅದು ವಾರಕ್ಕೊಮ್ಮೆ ಆಗಿಯೇ ಆಗುತ್ತದೆ; ನೀರಿನ ವಿಷಯದಲ್ಲಂತೂ ದಿನಾ.

೧. ಶುಭಶಕುನ

ನಮ್ಮಲ್ಲಿ ಬೆಳಿಗ್ಗೆ ಒಂದೇ ತಾಸು ನೀರು. ಕೆಳಗಿನವರ ನಳ ನಿಂತ ಮೇಲೇ ಅದು ಮೇಲೆ ಹತ್ತಬೇಕು. ಅಷ್ಟರಲ್ಲಿ ತಾಸು ಮುಗಿದಿರುತ್ತದೆ. ನಾಲ್ಕನೇ ಮಜಲಿನ ಉಡುಪಿ ಕಡೆಯ ಅಜ್ಜಿ ಮೊಣಕಾಲು ನೋವಿನಲ್ಲೂ ಕೆಳಗಿನಿಂದ ಬಕೆಟ್ ಹೊರುತ್ತಿದ್ದರು. ನಾವು ಹೊತ್ತುಕೊಡುತ್ತೇವೆಂದರೆ ಒಪ್ಪುತ್ತಿರಲಿಲ್ಲ. ಕೊನೆಗೆ ಸೆಕ್ರೆಟರಿಯಾಗಿ ನಾನೇ ನೆಟ್‌ನಲ್ಲಿ ಸಂಶೋಧನೆ ಮಾಡಿ ದಾರಿ ಹುಡುಕುತ್ತೇನೆಂದು ಮಾತು ಕೊಟ್ಟೆ.

ಮೊಬೈಲಿನಲ್ಲಿ 'ನೀರು' ಎಂದು ಬರೆದು ಕಾಯುತ್ತ ಕೂತೆ.

"ಏನ್ ಸಿಕ್ತರಿ?" ಎಂದಳು ಹೆಂಡತಿ.

"ಕನಸಿನ್ಯಾಗ ನೀರು ಕಂಡ್ರ ಶುಭ ಅಂತ."

"ಅಜ್ಜಿಗೆ ಹೇಳ್ರಿ. ಪಾಪ, ಕನಸಿನ್ಯಾಗರ ಸಿಗ್ಲಿ."

೨. ಪೈಪು ಹೇಳಿದ್ದು

ನೀರು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಪೈಪಿಗೆ ಕಿವಿ ಹಚ್ಚಬೇಕೆಂದು ಒಂದು ವಿಡಿಯೋ ಹೇಳಿತು. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಎರಡನೇ ಮಜಲಿನ ಮೆಟ್ಟಿಲಲ್ಲಿ ನಿಂತು ಕಿವಿ ಹಚ್ಚಿದೆ. ಅಲ್ಲಿಯ ಮನೆಯ ಮರಾಠಿ ಹೆಂಗಸು ಬಾಗಿಲು ತೆರೆದರು. ನನ್ನನ್ನು ನೋಡಿದರು, ಒಳಗೆ ಹೋಗಿ ಕುರ್ಚಿ ತಂದಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಏನಂತದ ಕಾಕಾ, ಪೈಪು?"

ಪೈಪು ನಿಜವಾಗಿ ಮಾತಾಡುತ್ತಿತ್ತು. ನೀರಿನ ಪೈಪಲ್ಲ, ಪಕ್ಕದ ಮೋರಿಯ ಪೈಪು! ನಳ ಬಂದ ಕೂಡಲೇ ಅದರೊಳಗೆ ದಬದಬ ಸದ್ದು. ಯಾರೋ ಬಕೆಟುಗಟ್ಟಲೆ ಚೆಲ್ಲುತ್ತಿದ್ದಾರೆ. ಕಳ್ಳನನ್ನು ಹಿಡಿದೇಬಿಡುತ್ತೇನೆಂದು ಸದ್ದಿನ ಬೆನ್ನು ಹತ್ತಿ ಇಳಿದೆ. ಮೊದಲ ಮಜಲಿಗೆ ಬಂದು, ನನ್ನ ಮನೆಯ ಬಾಗಿಲಲ್ಲೇ ನಿಂತೆ.

೩. ಹಳೇದು

ಹೆಂಡತಿ ಡ್ರಮ್ ಬಗ್ಗಿಸಿ ಮೋರಿಗೆ ಸುರಿಯುತ್ತಿದ್ದಳು.

"ಯಾಕ ಚೆಲ್ಲತಿ?"

"ನಿನ್ನಿ ನೀರು ಯಾರ್ ಕುಡೀತಾರ್ರಿ? ಹಳೇದು. ಎಲ್ಲಾರ ಮನ್ಯಾಗೂ ಚೆಲ್ಲೇ ಹೊಸಾದು ತುಂಬತಾರ."

ಈ ನೀರು ಕೆರೆಯಲ್ಲಿ ಹೋದ ಮಳೆಗಾಲದಿಂದ ನಿಂತದ್ದು, ಒಂದು ದಿನಕ್ಕೆ ಹೇಗೆ ಹಳಸುತ್ತದೆ ಎಂದು ನೆಟ್‌ನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ.

"ಎಷ್ಟರ ಹಳೇದಿರಲಿ, ನಮ್ಮ ಮನಿಗೆ ಇವತ್ತ ಬಂದದಲ್ಲ!"

ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಅಜ್ಜಿ ಬಕೆಟ್ ಹಿಡಿದು, ಮೆಟ್ಟಿಲಿಗೊಮ್ಮೆ ನಿಲ್ಲುತ್ತ, ನಮ್ಮ ಬಾಗಿಲು ದಾಟಿ ಮೇಲೆ ಹೋದರು. ಹೆಂಡತಿ ನೋಡಿದಳು, ಡ್ರಮ್ ನೆಟ್ಟಗೆ ಮಾಡಿದಳು. ಸಂಜೆ ಮನೆಮನೆಗೆ ಹೋಗಿ, "ನಿನ್ನಿ ನೀರು ಚೆಲ್ಲೋರಿಗೆ ನಾಚಿಕಿ ಆಗಬೇಕು" ಎಂದು ಬೈದು ಬಂದಳು, ತಾನು ಹುಟ್ಟಿದಾಗಿನಿಂದ ಚೆಲ್ಲಿಯೇ ಇಲ್ಲವೆಂಬಂತೆ.

೪. ಒಂದೇ ದಿನ

ಮರುದಿನ ಕೆಳಗಿನವರ ನಳ ಬೇಗ ನಿಂತು, ನಾಲ್ಕನೇ ಮಜಲಿನ ನಳದಲ್ಲಿ ನೀರು ಬಂತು! ಅಜ್ಜಿ ಬಕೆಟ್, ಕುಕ್ಕರ್, ಚೊಂಬು, ಟಿಫಿನ್ ಡಬ್ಬಿ, ಎಲ್ಲ ತುಂಬಿಸಿದರಂತೆ. ಅದರಾಚೆ ದಿನ ಬೆಳಿಗ್ಗೆ ಶಹಬ್ಬಾಸ್ ಅನ್ನಿಸಿಕೊಳ್ಳಲು ನಾನು ಮೇಲೆ ಹತ್ತಿದೆ.

ಅಜ್ಜಿ ಬಕೆಟ್ ಎತ್ತಿ ಮೋರಿಗೆ ಸುರಿಯುತ್ತಿದ್ದರು.

"ಅಜ್ಜೀ! ಏನ್ ಮಾಡ್ಲಿಕ್ಹತ್ತೀರಿ?"

"ನಿನ್ನೆಯ ನೀರಲ್ವಾ ಮಾರಾಯ್ರೆ, ಹಳತಾಯ್ತು."

"ಚೆಲ್ಲಬಾರದಂತ ಎಲ್ಲಾರಿಗೂ ಹೇಳೇವಲ್ಲ!"

"ಗೊತ್ತುಂಟು," ಎಂದರು ಅಜ್ಜಿ ಮುಖವರಳಿಸಿ. "ಆದ್ರೆ ಇಷ್ಟು ವರ್ಷದಲ್ಲಿ ಚೆಲ್ಲಲಿಕ್ಕೆ ಅಂತ ನನ್ನ ಹತ್ರ ನಿನ್ನೆಯ ನೀರು ಇದ್ದದ್ದೇ ಇವತ್ತು. ಒಂದು ದಿನ ಚೆಲ್ಲಿ ನೋಡ್ತೇನೆ, ಬಿಡಿ."

ನಾನು ಎರಡನೇ ಬಕೆಟ್ಟಿನ ತಳ ಹಿಡಿದುಕೊಟ್ಟೆ.