ಕಾರಿನ ಚಾರ್ಜು ಕದ್ದವರು ಯಾರು?

"ಈ ಬ್ಯಾಟರಿ ಕಾರಿನ ಬಣ್ಣ ಬಯಲು ಮಾಡದೇ ಹೋದರೆ ನನ್ನ ಹೆಸರು ಬದಲಾಯಿಸಿ!" ಅಂತ ಊಟದ ಮೇಜು ಗುದ್ದಿ ಶಪಥ ಮಾಡಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ನನ್ನ ತೊಡೆಯೆಲ್ಲ ಒದ್ದೆಯಾಯಿತು.

"ಆಫೀಸಿನವರು ಆಗಲೇ ಬದಲಾಯಿಸಿದ್ದಾರಲ್ಲ," ಅಂತ ನನ್ನಾಕೆ ಒರೆಸುವ ಬಟ್ಟೆಯನ್ನು ನನ್ನ ಕಡೆ ಎಸೆದಳು.

ಅದೂ ನಿಜವೇ. ಆಫೀಸಿನಲ್ಲಿ ನನಗೆ ಡೌಟಪ್ಪ ಅಂತ ಹೆಸರು. ನಾನು ವಿಮಾ ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡುವವನು. ಅಂಗಡಿ ಸುಟ್ಟುಹೋಯಿತು ಅಂತ ಯಾರಾದರೂ ಅತ್ತರೆ, ಅವರಿಗೆ ಕರವಸ್ತ್ರ ಕೊಡುವ ಮೊದಲು ಬೂದಿ ಮೂಸಿ ನೋಡುವವನು! ಅನುಮಾನ ನನಗೆ ಬರೀ ಸ್ವಭಾವವಲ್ಲ ಸ್ವಾಮಿ, ಅನ್ನ. ಸಾಲದ್ದಕ್ಕೆ ಇಷ್ಟು ವರ್ಷ ಸುಟ್ಟ ಮನೆಗಳನ್ನು ನೋಡೀ ನೋಡೀ ಒಂದು ಶಿಸ್ತು ರೂಢಿಯಾಗಿದೆ. ಮಲಗುವ ಮುನ್ನ ಇಡೀ ಮನೆಗೆ ಒಂದು ಸುತ್ತು ಬಂದು ಗ್ಯಾಸು ತಿರುಗಿಸಿ, ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡಿ, ಗೇಟಿನ ಬೀಗ ಜಗ್ಗಿದರೇನೇ ನನಗೆ ನಿದ್ದೆ. ಬೆಳಿಗ್ಗೆ ಮೊದಲು ಎದ್ದು ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡುವವನೂ ನಾನೇ. ನನ್ನಂಥ ಎಚ್ಚರದ ಮನುಷ್ಯ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ ಅನ್ನುವುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಈಗ ಜಗಳದ ಮೂಲಕ್ಕೆ ಬರೋಣ. ನನ್ನಾಕೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಮಾಡುವ ಕೈಗೆ ಮುತ್ತಿಡಬೇಕು, ಅಷ್ಟು ಚೆಂದ. ತೊಂದರೆ ಇರುವುದು ಸಾಗಿಸುವುದರಲ್ಲಿ. ನಮ್ಮ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ. ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಎರಡಂತಸ್ತಿನ ಕೇಕು ಇಟ್ಟುಕೊಂಡು ಹೊರಟರೆ ತಲುಪುವ ಹೊತ್ತಿಗೆ ಒಂದೇ ಅಂತಸ್ತು! ಅದೂ ಪೆಟ್ರೋಲ್ ವಾಸನೆ ಹೊಡೆಯುತ್ತಿರುತ್ತದೆ.

"ಬ್ಯಾಟರಿ ಕಾರು ಅಲ್ಲಾಡೋದಿಲ್ಲ, ನಾರೋದೂ ಇಲ್ಲ. ಇದನ್ನು ಕೊಟ್ಟು ಅದನ್ನು ತಗೊಳ್ಳೋಣ ರೀ," ಅಂತ ಅವಳು.

"ನನ್ನ ಪಟ್ಟದರಸಿಯನ್ನು ಕೊಡೋದಾ?"

"ಪಟ್ಟದರಸಿ ಅದಾದರೆ ನಾನ್ಯಾರು?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದ ಗಂಡಸು ಇದ್ದರೆ ನನಗೆ ತಿಳಿಸಿ. ನಾನಂತೂ ಬಾಯಿ ಮುಚ್ಚಿಕೊಂಡು ಶೋರೂಮಿಗೆ ನಡೆದೆ.

ಶೋರೂಮಿನ ಮ್ಯಾನೇಜರಮ್ಮ ನಗುನಗುತ್ತಾ, "ಒಂದು ವಾರ ಮನೇಲಿಟ್ಕೊಂಡು ಓಡಿಸಿ ನೋಡಿ ಸಾರ್, ಇಷ್ಟ ಆದರೆ ತಗೊಳ್ಳಿ," ಅಂದರು. ಅಲ್ಲೇ ನನ್ನ ಕಿವಿ ನಿಮಿರಿತು. ಹೊಸ ಕಾರನ್ನು ಯಾರಾದರೂ ಸುಮ್ಮನೆ ಕೊಡುತ್ತಾರಾ? ಎಲ್ಲೋ ಹುಳುಕಿದೆ! ಆದರೂ ಹತ್ತಿ ಕೂತು ಗುಂಡಿ ಒತ್ತಿ, ಗೇರು ಹಾಕಿ, ಪೆಡಲು ತುಳಿದೆ. ಸದ್ದೇ ಇಲ್ಲ.

"ನೋಡಿದ್ರಾ! ಸ್ಟಾರ್ಟೇ ಆಗ್ತಿಲ್ಲ!"

"ಸಾರ್, ಬ್ರೇಕ್ ಒತ್ತಿ, ದಯವಿಟ್ಟು ಬ್ರೇಕ್ ಒತ್ತಿ! ಹೂಕುಂಡಕ್ಕೆ ಹೊಡೀತೀರಿ!" ಅಂತ ಪಕ್ಕದಲ್ಲಿದ್ದ ಮ್ಯಾನೇಜರಮ್ಮ ಕಿರುಚಿದರು.

ಸದ್ದಿಲ್ಲದೆ ಚಲಿಸುವ ಯಾವುದನ್ನೂ ನಾನು ನಂಬುವುದಿಲ್ಲ. ಬೆಕ್ಕೂ ಹಾಗೇ ಬಂದು ಹಾಲು ಕುಡಿದು ಹೋಗುತ್ತದೆ. ಮನೆಗೆ ತಂದವನೇ ನೆಲಕ್ಕೆ ಅಂಗಾತ ಮಲಗಿ ಕಾರಿನ ಅಡಿಗೆ ತೆವಳಿದೆ. ಒಳಗೆಲ್ಲೋ ಪೆಟ್ರೋಲ್ ಇಂಜಿನ್ ಬಚ್ಚಿಟ್ಟಿದ್ದಾರೆ ಅಂತ ನನ್ನ ಗುಮಾನಿ.

"ಏನು ಕಳ್ಕೊಂಡ್ರಿ?" ಅಂತ ಕಾಂಪೌಂಡಿನ ಆ ಕಡೆಯಿಂದ ದನಿ ಬಂತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ಇನ್ನೂ ಇಳಿದಿಲ್ಲ.

"ಹೊಗೆ ಕೊಳವೆ ಹುಡುಕ್ತಿದ್ದೀನಿ."

"ಅದಕ್ಕೆ ಹೊಗೆ ಕೊಳವೆ ಇರೋಲ್ವಲ್ಲ ಸಾರ್!"

"ಅದೇ ನನ್ನ ಅನುಮಾನ!" ಅಂದೆ. ಅಷ್ಟು ಹೊತ್ತು ತಣ್ಣನೆ ನೆಲದ ಮೇಲೆ ಬಿದ್ದುಕೊಂಡಿದ್ದಕ್ಕೆ ಸಂಜೆಗೆ ಭರ್ಜರಿ ನೆಗಡಿ ಹಿಡಿಯಿತು. ಅಂದಿನಿಂದ ತಲೆಗೆ ಟವೆಲ್ ಸುತ್ತಿಕೊಂಡೇ ನನ್ನ ಓಡಾಟ.

ಮನೆಯ ಮುಂದಿನ ಪೋರ್ಟಿಕೋ ಗೋಡೆಯಲ್ಲಿ ಒಂದು ಸ್ವಿಚ್ ಬೋರ್ಡಿದೆ. ಹೊರಗಿನ ದೀಪ, ನೀರಿನ ಮೋಟಾರು, ಕಾಲಿಂಗ್ ಬೆಲ್ಲು, ಎಲ್ಲದರ ಸ್ವಿಚ್ಚೂ ಅಲ್ಲೇ. ಕೆಳಗೆ ಉಳಿದಿದ್ದ ಪ್ಲಗ್ಗಿಗೆ ರಾತ್ರಿ ಊಟವಾದ ಮೇಲೆ ಕಾರಿನ ಚಾರ್ಜರ್ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಬೆಳಿಗ್ಗೆ ಎದ್ದು ನೋಡಿದರೂ ಹಸಿರು ದೀಪ ಉರಿಯುತ್ತಲೇ ಇದೆ, ಕಾರಿನಲ್ಲಿ ಮಾತ್ರ ಚಾರ್ಜು ಇದ್ದಲ್ಲೇ ಇದೆ!

ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. "ಬಾರೇ ಇಲ್ಲಿ! ರಾತ್ರಿಯಿಡೀ ಕರೆಂಟು ತಿಂದು ಬೆಳಿಗ್ಗೆ ಹೊಟ್ಟೆ ಖಾಲಿ ಅಂತಿದೆ ನಿನ್ನ ಕಾರು!"

ಮರುದಿನವೂ ಅದೇ ಕಥೆ. ಅದರ ಮರುದಿನವೂ ಅದೇ. ಓಡಿಸಿದಷ್ಟು ಇಳಿಯಿತೇ ಹೊರತು ಏರಲಿಲ್ಲ. ನಾನು ಹೋದಲ್ಲಿ ಬಂದಲ್ಲಿ ಸಂತೋಷದಿಂದ ಈ ಸುದ್ದಿ ಹಂಚಿದೆ. ನನ್ನಾಕೆಯ ಮುಖ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು.

"ಹೊಸ ಹೋಟೆಲಿನವರು ಉದ್ಘಾಟನೆಗೆ ಮೂರಂತಸ್ತಿನ ಕೇಕು ಹೇಳಿದ್ದಾರೆ," ಅಂದಳು. "ಅದು ನೆಟ್ಟಗೆ ತಲುಪಿದರೆ ಇನ್ನು ಮುಂದೆ ಅವರ ಕೇಕೆಲ್ಲಾ ನನಗೇ ಅಂತೆ. ಈ ಕಾರು ನಂಬಿಕೊಂಡು ಒಪ್ಪಿದ್ದೆ. ನೀವು ಗೆಲ್ಲಬೇಕು ಅಂದರೆ ನಾನು ಸೋಲಲೇಬೇಕೇನ್ರೀ?"

ಈ ಮಾತು ಮನಸ್ಸಿಗೆ ಚುಚ್ಚಿತು. ಸುಳ್ಳು ಹೇಳುವುದಿಲ್ಲ, ಬಹಳ ಚುಚ್ಚಿತು. ತಕ್ಷಣ ಶೋರೂಮಿಗೆ ಫೋನ್ ಮಾಡಿ ಕೂಗಾಡಿದೆ.

ಮ್ಯಾನೇಜರಮ್ಮ ತಮ್ಮ ಕಂಪ್ಯೂಟರಿನಲ್ಲಿ ಏನೋ ನೋಡಿ, "ಕಾರಿನಲ್ಲಿ ದೋಷ ಇಲ್ಲ ಸಾರ್. ದಿನಾ ರಾತ್ರಿ ಚಾರ್ಜ್ ಶುರುವಾಗುತ್ತೆ, ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತೆ. ನಿಮ್ಮ ಮನೆ ಕಡೆಯಿಂದಲೇ ಯಾರೋ ಕರೆಂಟು ತೆಗೀತಿದ್ದಾರೆ," ಅಂದರು.

ಯಾರೋ! ನನ್ನ ಮನೆಯಲ್ಲಿ! ಡೌಟಪ್ಪನ ಮನೆಯಲ್ಲೇ ಕಳ್ಳತನ! ನನ್ನ ಮೈಯಲ್ಲಿ ಮಲಗಿದ್ದ ತನಿಖಾಧಿಕಾರಿ ಸೆಟೆದು ನಿಂತ. ಕರೆಂಟು ಯಾರಿಗೆ ಬೇಕು? ಕಾಂಪೌಂಡಿಗೆ ಒತ್ತಿಕೊಂಡಂತೆ ಯಾರ ಬ್ಯಾಟರಿ ಸ್ಕೂಟರ್ ನಿಂತಿರುತ್ತದೆ? ಡ್ರಿಲ್ ಮೇಷ್ಟ್ರದ್ದು! ಕಾಂಪೌಂಡು ಹಾರುವ ಮೈಕಟ್ಟು ಈ ವಯಸ್ಸಿನಲ್ಲೂ ಯಾರಿಗಿದೆ? ಡ್ರಿಲ್ ಮೇಷ್ಟ್ರಿಗೆ! ನಮ್ಮ ಪ್ಲಗ್ ಕಿತ್ತು ತಮ್ಮ ಸ್ಕೂಟರಿನದು ಸಿಕ್ಕಿಸಿ, ಬೆಳಗಾಗುವ ಮೊದಲು ಮತ್ತೆ ಮೊದಲಿನಂತೆ ಇಟ್ಟು ಹೋಗುತ್ತಿದ್ದಾರೆ!

"ಛೀ, ಸುಮ್ಮನಿರಿ! ದೇವರಂಥಾ ಮನುಷ್ಯ," ಅಂದಳು ನನ್ನಾಕೆ.

"ಕಳ್ಳರೆಲ್ಲ ಸಿಕ್ಕಿಬೀಳುವ ತನಕ ದೇವರಂಥವರೇ! ನಿನ್ನ ಕೇಕಿನ ದಿನ ಕಾರಿನ ತುಂಬಾ ಚಾರ್ಜ್ ಇರುತ್ತೆ. ಇದು ನನ್ನ ಮಾತು. ಕಾವಲು ನನ್ನದು!"

ಪೋರ್ಟಿಕೋಗೆ ಒಂದು ಕ್ಯಾಮೆರಾ ಹಾಕಿಸಿದೆ. ಕಾರು, ಪ್ಲಗ್ಗು, ಬೋರ್ಡು ಮೂರೂ ಕಾಣುವ ಹಾಗೆ. ಆ ರಾತ್ರಿ ಎಂದಿನಂತೆ ಚಾರ್ಜಿಗೆ ಹಾಕಿ, ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಾರು ಮುಕ್ಕಾಲು ಪ್ರಾಣ ಬಿಟ್ಟಿದೆ. ಕೇಕಿನ ದಿನ! ಆದರೂ ನನಗೆ ಒಳಗೊಳಗೇ ಖುಷಿ. ಕಳ್ಳ ಬಲೆಗೆ ಬಿದ್ದ!

ವೀಡಿಯೋ ನಾನೊಬ್ಬನೇ ನೋಡಿದರೆ ಸಾಕ್ಷ್ಯಕ್ಕೆ ಬೆಲೆ ಎಲ್ಲಿ? ಮ್ಯಾನೇಜರಮ್ಮನಿಗೆ ಫೋನ್ ಮಾಡಿ ಕರೆಸಿದೆ. ಡ್ರಿಲ್ ಮೇಷ್ಟ್ರನ್ನು "ಕಾಫಿಗೆ ಬನ್ನಿ" ಅಂತ ಮೋಸದಿಂದ ಕರೆತಂದೆ. ಅಡುಗೆಮನೆಯಲ್ಲಿ ಕೇಕಿಗೆ ಕೊನೆಯ ಸಕ್ಕರೆ ಹೂ ಅಂಟಿಸುತ್ತಿದ್ದ ನನ್ನಾಕೆಯೂ ಕೈ ಒರೆಸಿಕೊಂಡು ಬಂದಳು. ಹಾಲಿನ ಟಿವಿಯಲ್ಲಿ ವೀಡಿಯೋ ಹಚ್ಚಿ, ರಿಮೋಟ್ ಹಿಡಿದು ನಾನು ನ್ಯಾಯಾಧೀಶನಂತೆ ನಿಂತೆ.

"ಇದು ನಾನು, ಪ್ಲಗ್ ಹಾಕ್ತಿರೋದು. ಇದರಲ್ಲಿ ನೋಡೋದೇನಿಲ್ಲ, ಮುಂದೆ ಓಡಿಸ್ತೀನಿ." ಓಡಿಸಿದೆ. "ಹಾಂ! ಬಂದ! ನೋಡಿ, ನೋಡಿ!"

ಬೀದಿದೀಪದ ಮಬ್ಬು ಬೆಳಕಿನಲ್ಲಿ ಒಂದು ಆಕೃತಿ ಬಂತು. ನಮಗೆ ಬೆನ್ನು. ತಲೆಗೆ ಏನೋ ಸುತ್ತಿಕೊಂಡಿದೆ.

"ಮುಖ ಮುಚ್ಚಿಕೊಂಡಿದ್ದಾನೆ! ಪಳಗಿದ ಕಳ್ಳ! ನಡಿಗೆ ನೋಡಿ, ಎಷ್ಟು ಸಲೀಸು. ಮನೆ ಮೂಲೆ ಮೂಲೆ ಗೊತ್ತು ಇವನಿಗೆ!" ಅನ್ನುತ್ತಾ ಡ್ರಿಲ್ ಮೇಷ್ಟ್ರ ಮುಖ ನೋಡಿದೆ.

ಮೇಷ್ಟ್ರು ನಿಧಾನವಾಗಿ ಕಾಫಿ ಹೀರಿ, "ಆ ಪಟ್ಟೆ ಪಟ್ಟೆ ಪೈಜಾಮ ಎಲ್ಲೋ ನೋಡಿದ ಹಾಗಿದೆಯಲ್ಲ ಸಾರ್," ಅಂದರು. ಮ್ಯಾನೇಜರಮ್ಮನ ಕಣ್ಣು ಟಿವಿ ಬಿಟ್ಟು ಮೆಲ್ಲಗೆ ನನ್ನ ಕಾಲಿನ ಕಡೆ ಇಳಿಯಿತು.

ಆಕೃತಿ ಬೋರ್ಡಿನ ಮುಂದೆ ನಿಂತು, ಅಂಗೈಯಿಂದ ಮೇಲಿಂದ ಕೆಳಗೆ ಒಂದೇ ಸಲ ಸವರಿತು. ಎಲ್ಲಾ ಸ್ವಿಚ್ಚೂ ಟಪಟಪ ಆರಿದವು. ಹಸಿರು ದೀಪವೂ ಆರಿತು. ಆಮೇಲೆ ಗೇಟಿಗೆ ಹೋಗಿ ಬೀಗ ಜಗ್ಗಿ, ತೃಪ್ತಿಯಿಂದ ತಲೆಯಾಡಿಸಿ, "ಆಕ್ಷೀ!" ಅಂತ ಸೀನಿತು.

"ಆಕ್ಷೀ!" ಅಂತ ಹಾಲಿನಲ್ಲಿ ನಾನೂ ಸೀನಿದೆ.

ಎರಡೂ ಸೀನು ಒಂದೇ ಅಚ್ಚು! ನಾನು ಇಂಗು ತಿಂದ ಮಂಗನ ಹಾಗೆ ರಿಮೋಟ್ ಹಿಡಿದು ನಿಂತೆ. ರಾತ್ರಿ ಆರಿಸಿದ್ದೂ ನಾನೇ, ಬೆಳಿಗ್ಗೆ ಎದ್ದು ಯಾಂತ್ರಿಕವಾಗಿ ಹಾಕಿದ್ದೂ ನಾನೇ! ವರ್ಷಗಳಿಂದ ನನ್ನ ಕೈ ಮಾಡುತ್ತಾ ಬಂದ ಕೆಲಸ, ತಲೆಗೆ ಅದರ ವರದಿಯೇ ಬಂದಿರಲಿಲ್ಲ.

"ಹಾಗಾದರೆ ಕಾಫಿಗೆ ಅಂತ ಕರೆದದ್ದು..." ಅಂತ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನಾಕೆ ಗಡಿಯಾರ ನೋಡಿದಳು. ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಚಾರ್ಜ್ ಮಾಡಲು ಹೊತ್ತಿಲ್ಲ, ಶೋರೂಮಿನಿಂದ ಬೇರೆ ಕಾರು ತರಿಸಲೂ ಹೊತ್ತಿಲ್ಲ. ಉಳಿದವಳು ನನ್ನ ಪಟ್ಟದರಸಿ, ಅದೇ ಹಳೆಯ ಪೆಟ್ರೋಲ್ ಕಾರು, ಒಬ್ಬಳೇ.

"ಕಾರು ನಾನು ಓಡಿಸ್ತೀನಿ," ಅಂದಳು ನನ್ನಾಕೆ. "ನೀವು ಹಿಂದೆ ಕೂತ್ಕೊಳ್ಳಿ. ಸಂಸಾರದ ಭಾರ ಹೊತ್ತಿದ್ದೀನಿ ಅಂತ ಊರಿಗೆಲ್ಲ ಹೇಳ್ತೀರಲ್ಲ? ಇವತ್ತು ಹೊರಿ!"

ಮೂರಂತಸ್ತಿನ ಕೇಕು ನನ್ನ ತೊಡೆಯೇರಿತು. ಗುಂಡಿ ಬಂದರೆ ನಾನು ಸೊಂಟ ಎತ್ತಬೇಕು, ಉಬ್ಬು ಬಂದರೆ ಇಳಿಸಬೇಕು. ಒಟ್ಟಿನಲ್ಲಿ ಕಾರು ಕುಣಿದಾಗ ಕೇಕು ಕುಣಿಯಬಾರದು.

"ದಾರಿ ನಾನು ತೋರಿಸ್ತೀನಿ ತಾಯಿ!" ಅಂತ ಡ್ರಿಲ್ ಮೇಷ್ಟ್ರು ತಮ್ಮ ಬ್ಯಾಟರಿ ಸ್ಕೂಟರ್ ಹತ್ತಿ ಮುಂದೆ ಹೊರಟೇಬಿಟ್ಟರು. ಗುಂಡಿಗೆ ಒಂದು ಸೀಟಿ, ಉಬ್ಬಿಗೆ ಎರಡು. "ಫುರ್ರ್!" ಅಂದರೆ ನಾನು ಏಳುವುದು, "ಫುರ್ರ್ ಫುರ್ರ್!" ಅಂದರೆ ಕೂರುವುದು. ಶಾಲೆ ಬಿಟ್ಟ ಮೇಲೆ ಇಷ್ಟು ಕವಾಯತು ಮಾಡಿರಲಿಲ್ಲ. ಬೀದಿಯ ಜನ ನಿಂತು ನೋಡುತ್ತಿದ್ದರು.

ಹೋಟೆಲಿನ ಗೇಟು ಕಂಡಿತು. ಆಗ ಬಂತು ನೋಡಿ ಮೂಗಿನ ತುದಿಗೆ ಕಚಗುಳಿ!

"ಏ... ಏನೇ... ಸೀ... ಸೀನು..."

"ಸೀನಿದರೆ ನೋಡಿ! ಇವತ್ತಿಗೆ ನಮ್ಮ ಸಂಬಂಧ ಮುಗೀತು!"

ಕೇಕಿನ ಮೇಲಿದ್ದ ಸಕ್ಕರೆ ಹೂವು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ನನ್ನನ್ನೇ ನೋಡುತ್ತಿತ್ತು. ಎರಡೂ ಕೈ ಕೇಕಿನ ಕೆಳಗೆ. ತಲೆಯಿಂದ ಕೊರಳಿಗೆ ಜಾರಿದ್ದ ಟವೆಲ್ಲಿಗೆ ಬಾಯಿ ಹಾಕಿ ಕಚ್ಚಿ ಹಿಡಿದು, ಮುಖ ಅದರಲ್ಲಿ ಹುದುಗಿಸಿದೆ. ಸೀನು ಹೊರಗೆ ಬರಲಾರದೆ ಒಳಗೇ ಸಿಡಿಯಿತು. ಕಿವಿ ಗುಂಯ್ ಅಂತು, ಕಣ್ಣಲ್ಲಿ ನಕ್ಷತ್ರ ಕಂಡವು, ಕೇಕು ಅಲ್ಲಾಡಲಿಲ್ಲ!

ಹೋಟೆಲಿನ ಮುಖ್ಯ ಬಾಣಸಿಗರು ಕೇಕಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಒಂದು ಹೂವೂ ಕದಲಿಲ್ಲವಲ್ಲಮ್ಮ! ಯಾವ ಗಾಡೀಲಿ ತಂದ್ರಿ?"

"ಗಾಡಿಯಲ್ಲಲ್ಲ, ನಮ್ಮ ಯಜಮಾನರ ತೊಡೆ ಮೇಲೆ," ಅಂದಳು ನನ್ನಾಕೆ. ಅಷ್ಟು ಹೊತ್ತಿನ ಮೇಲೆ ಮೊದಲ ಸಲ ನಕ್ಕಳು. ನನ್ನ ಜೀವಕ್ಕೆ ಜೀವ ಬಂತು.

"ಭೇಷ್! ಇನ್ನು ಮೇಲೆ ಎಲ್ಲಾ ಕೇಕೂ ನಿಮಗೇ. ವಾರ ವಾರ ಇವರ ತೊಡೆ ಮೇಲೇ ಕಳಿಸಿ!"

ವಾರ ವಾರ! ಸೀಟಿಯ ತಾಳಕ್ಕೆ ಸೊಂಟ ಎತ್ತುತ್ತಾ! ಪೆಟ್ರೋಲೋ ಬ್ಯಾಟರಿಯೋ ಅಂತ ಅಲ್ಲಿಯ ತನಕ ಜಗ್ಗಾಡುತ್ತಿದ್ದ ನನ್ನ ತೀರ್ಮಾನ ಹೋಟೆಲಿನ ಮೆಟ್ಟಿಲ ಮೇಲೇ ಮುಗಿದುಹೋಯಿತು. ಅಲ್ಲಿಂದಲೇ ಮ್ಯಾನೇಜರಮ್ಮನಿಗೆ ಫೋನ್ ಮಾಡಿದೆ.

ಈಗ ನಮ್ಮ ಮನೆ ಮುಂದೆ ಬ್ಯಾಟರಿ ಕಾರು ನಿಂತಿದೆ. ಕೇಕು ಸೀಟಿನ ಮೇಲೆ ಹೋಗುತ್ತದೆ, ನಾನು ಆಫೀಸಿಗೆ ಹೋಗುತ್ತೇನೆ. ಕಾರಿನ ಸ್ವಿಚ್ಚಿಗೆ ಮಾತ್ರ ನನ್ನಾಕೆ ಒಂದು ಕಬ್ಬಿಣದ ಪೆಟ್ಟಿಗೆ ಹಾಕಿಸಿ ಬೀಗ ಜಡಿದಿದ್ದಾಳೆ.

"ಬೀಗದಕೈ ಎಲ್ಲೇ?" ಅಂತ ಕೇಳಿದೆ.

"ನಂಬಿಕಸ್ಥರ ಹತ್ತಿರ ಕೊಟ್ಟಿದ್ದೀನಿ."

ನಂಬಿಕಸ್ಥರು ಯಾರು ಅಂತ ಸಂಜೆ ಗೊತ್ತಾಯಿತು. ಕಾಂಪೌಂಡಿನ ಆ ಕಡೆ, ಡ್ರಿಲ್ ಮೇಷ್ಟ್ರ ಕೊರಳಲ್ಲಿ, ಸೀಟಿಯ ಪಕ್ಕದಲ್ಲೇ ಬೀಗದಕೈ ನೇತಾಡುತ್ತಿತ್ತು. ದಿನಾ ರಾತ್ರಿ ಬಂದು ಬೀಗ ತೆಗೆದು ಚಾರ್ಜಿಗೆ ಹಾಕಿ, ಮತ್ತೆ ಬೀಗ ಹಾಕಿ, ಜಗ್ಗಿ ನೋಡುತ್ತಾರೆ. ಹೋಗುವ ಮುನ್ನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳುತ್ತಾರೆ:

"ತಪ್ಪು ತಿಳ್ಕೋಬೇಡಿ ಸಾರ್. ಬೀದಿಯಲ್ಲಿ ಕಳ್ಳರ ಕಾಟ!"