ಬಲಗಡೆ ಹೂ ಬಿದ್ದ ವಕೀಲೆ

ಕಾರವಾರದ ನನ್ನ ಆಫೀಸಿಗೆ ನಗುತ್ತ ಬರುವವರು ಯಾರೂ ಇಲ್ಲ. ಕ್ರಿಮಿನಲ್ ವಕೀಲೆಯ ಮೆಟ್ಟಿಲು ಹತ್ತುವವರೆಲ್ಲ ಹೆದರಿಕೊಂಡೇ ಹತ್ತುತ್ತಾರೆ. ಆದರೆ ಹೆದರಿದವ ಮಾಡುವಷ್ಟು ತಮಾಷೆಯನ್ನು ಕುಡಿದವನೂ ಮಾಡುವುದಿಲ್ಲ. ಇದಕ್ಕೆ ಸಾಕ್ಷಿಯಾಗಿ ಅಂಕೋಲೆಯ ಬೊಬ್ರುವಾಡದ ಒಬ್ಬ ಕಕ್ಷಿದಾರ ಸಾಕು.

ಹೆಲ್ಮೆಟ್

ಆತ ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಹೊಡೆದ ಅಂತ ಹೆಂಡತಿ ಪೊಲೀಸರಿಗೆ ದೂರು ಕೊಟ್ಟು ಮಾಜಾಳಿಯ ತವರಿಗೆ ಹೋಗಿದ್ದಾಳೆ, ತನ್ನನ್ನು ಇವತ್ತೋ ನಾಳೆಯೋ ಜೈಲಿಗೆ ಹಾಕುತ್ತಾರೆ. ಇಷ್ಟು ಹೇಳುವುದರೊಳಗೆ ಹೆಲ್ಮೆಟ್ಟಿನ ಗಾಜೆಲ್ಲ ಮಂಜಾಯಿತು.

"ಅದನ್ನು ತೆಗೀರಿ ಮಾರಾಯ್ರೇ."

"ಬೇಡ ಮೇಡಂ. ಕಾರವಾರದ ತುಂಬ ಅಂಕೋಲೆಯವರೇ. ಯಾರಾದ್ರೂ ಗುರ್ತು ಹಿಡಿದ್ರೆ ಮರ್ಯಾದೆ ಹೋಗ್ತದೆ."

ಅಷ್ಟರಲ್ಲಿ ಕೆಳಗಿನ ಹೋಟೆಲಿನವ ಚಹಾ ತಂದಿಟ್ಟ. ಈತ ಗಾಜನ್ನು ಚೂರೇ ಚೂರು ಎತ್ತಿ, ಕಪ್ಪನ್ನು ಒಳಗೆ ತೂರಿಸಿ ಕುಡಿಯತೊಡಗಿದ. ಹೋಟೆಲಿನವ ಬಾಗಿಲವರೆಗೆ ಹೋಗಿ ತಿರುಗಿದ.

"ಬೈಕಿನ ಕೀ ಬೈಕಲ್ಲೇ ಬಿಟ್ಟು ಬಂದೀರಿ. ಗಾಡಿ ನೋಡಿದ ಕೂಡ್ಲೇ ನೀವೇ ಅಂತ ಗೊತ್ತಾಯ್ತು. ಮತ್ತೆ, ಮನೇಲಿ ಎಲ್ಲ ಆರಾಮಾ?"

ಹೂವು

"ಇಷ್ಟು ವಕೀಲರಿರುವಾಗ ನನ್ನ ಹತ್ತಿರವೇ ಯಾಕೆ ಬಂದಿರಿ?" ಅಂತ ಕೇಳಿದೆ.

"ಪ್ರಸಾದ ಕೇಳಿದ್ವಿ ಮೇಡಂ. ನಿಮ್ಮ ಹೆಸರಿಗೆ ಬಲಕ್ಕೆ ಬಿತ್ತು."

ನಮ್ಮ ಕಡೆ ದೇವರ ಮೂರ್ತಿಗೆ ಹೂ ಹಚ್ಚಿ ಕೇಳುವುದುಂಟು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮದುವೆಗೆ ಕೇಳುತ್ತಾರೆ, ಬಾವಿ ತೋಡಲು ಕೇಳುತ್ತಾರೆ. ಕ್ರಿಮಿನಲ್ ವಕೀಲರಿಗೂ ಕೇಳುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು. ಒಳಗೊಳಗೇ ಹೆಮ್ಮೆಯೂ ಆಯಿತು ಅನ್ನಿ.

ಪೊಲೀಸರ ನೋಟಿಸು ಬಂದಿತ್ತು. "ನಾಳೆ ಬೆಳಿಗ್ಗೆಯೇ ಠಾಣೆಗೆ ಹೋಗಿ. ಹೋಗದಿದ್ದರೆ ಅವರೇ ಬಂದು ಎತ್ತಿಕೊಂಡು ಹೋಗ್ತಾರೆ" ಅಂತ ಸಾರಿ ಸಾರಿ ಹೇಳಿ ಕಳಿಸಿದೆ. ಮರುದಿನ ಮಧ್ಯಾಹ್ನ ಫೋನು. ಪಿಸುದನಿ.

"ಮೇಡಂ, ಠಾಣೆಗೆ ಹೋಗ್ಲಿಲ್ಲ. ಎಡಕ್ಕೆ ಬಿತ್ತು. ಈಗ ಅಂಗಳದಲ್ಲಿ ಪೊಲೀಸರು ನಿಂತಿದ್ದಾರೆ. ನಾನು ಕೊಟ್ಟಿಗೆಯಲ್ಲಿದ್ದೇನೆ. ಎಂತ ಮಾಡೂದು?"

ನನಗೆ ಸಿಟ್ಟು ನೆತ್ತಿಗೇರಿತು. "ಪೊಲೀಸರಿಗೂ ಹೂ ಹಚ್ಚಿ ಕೇಳಿ ಬರ್ಲಿಕ್ಕೆ ಹೇಳಿ!"

"ಆಯಿ ಅದನ್ನೇ ಹೇಳಿದ್ಲು ಮೇಡಂ. ಆ ಪೊಲೀಸಪ್ಪನೂ ನಮ್ಮ ಕಡೆಯವನೇ. ಕೇಳಿಯೇ ಹೊರಟನಂತೆ. ಅವನಿಗೆ ಬಲಕ್ಕೆ ಬಿತ್ತಂತೆ!"

ಆಯಿ

ಅವತ್ತು ಹೇಗೋ ಸಿಕ್ಕಿಬೀಳದೆ ಉಳಿದ. ಹಿಡಿಯುವ ಮೊದಲೇ ಜಾಮೀನು ಕೇಳೋಣವೆಂದು ಕರೆಸಿದೆ. ಆಯಿ ಅನ್ನುವ ತಾಯಿಯನ್ನೂ ಕರೆದುಕೊಂಡು ಬಂದ. ಆತನ ಮುಖ ಇಳಿದುಹೋಗಿತ್ತು.

"ನನ್ನ ಹತ್ರ ಸುಳ್ಳು ಬೇಡ. ಕೈ ಎತ್ತಿದ್ದು ಹೌದಾ?"

"ದೇವರಾಣೆ ಇಲ್ಲ ಮೇಡಂ."

ಪಕ್ಕದಲ್ಲಿ ಕೂತಿದ್ದ ತಾಯಿಗೆ ಇದು ಅವಮಾನವಾಗಿ ಕಂಡಿತು. "ಇಲ್ದೆ ಎಂತ? ಗಂಡ್ಸಲ್ವಾ ಅವ? ಮಂದಿಗೆ ಕೇಳ್ಬಾರ್ದು ಹೇಳಿ ನಾನೇ ಕದ ಹಾಕ್ದೆ."

ನನ್ನ ಪೆನ್ನು ಅಲ್ಲೇ ನಿಂತಿತು. ಇಷ್ಟು ವರ್ಷ ಈ ಕೆಲಸ ಮಾಡಿದರೂ ಇಂಥ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಆ ಹಾಕಿದ ಕದದ ಒಳಗೆ ಇವನ ಜೊತೆ ಆ ಹುಡುಗಿ ಒಬ್ಬಳೇ ಇದ್ದಳಲ್ಲ.

"ಅಮ್ಮ, ಈ ಕೇಸಿನಲ್ಲಿ ಎರಡನೇ ಆರೋಪಿ ನೀವೇ. ಗೊತ್ತುಂಟಾ?"

ಮುದುಕಿ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಳು.

"ಜೋರಾಗಿ ಹೇಳಿ ಅಕ್ಕೋರೇ. ನಂಗೆ ಮೊದ್ಲಿಂದ ಕಿವಿ ಕೇಳೂದಿಲ್ಲ."

ಗೇಟು

ಜಾಮೀನು ಸಿಕ್ಕಿತು. ಹೆಂಡತಿಯ ಹತ್ತಿರ ಸುಳಿಯಬಾರದು, ಫೋನು ಮಾಡಬಾರದು, ಕರೆದಾಗ ಠಾಣೆಗೆ ಹೋಗಬೇಕು, ಇವು ಷರತ್ತು. ಕೇಸು ನಡೆಯುತ್ತದೆ, ಬಿಡುಗಡೆಯ ಮಾತು ನನ್ನ ಬಾಯಿಂದ ಬರುವುದಿಲ್ಲ ಅಂತ ಖಡಾಖಂಡಿತ ಹೇಳಿದೆ. ಆತ ಕೋರ್ಟಿನ ಕಾರಿಡಾರಿನ ಬೆಂಚಿನ ಮೇಲೆ ಕೂತ. ಎದುರು ಬೆಂಚಿನಲ್ಲಿ ತನ್ನ ಅಣ್ಣನ ಜೊತೆ ಹೆಂಡತಿಯೂ ಇದ್ದಳು. ಈತ ಆಕೆಯನ್ನು ನೋಡಲಿಲ್ಲ, ನನ್ನೆದುರು ಗೋಳೋ ಎಂದ.

"ಜಾಮೀನು ಸಿಕ್ಕಿ ಎಂತ ಬಂತು ಮೇಡಂ? ಅಂಗಳದ ಗೇಟು ಕಿರ್ ಅಂದ್ರೆ ಸಾಕು, ಬಂದ್ರು ಅಂತ ಎದೆ ಧಸಕ್ ಅಂತದೆ. ಕೈಕಾಲು ತಣ್ಣಗಾಗ್ತದೆ. ಮನುಷ್ಯ ಅಂದವ ಹೀಗೆ ಬದುಕೂದು ಹೇಗೆ? ಇವತ್ತೇ ಹೋಗಿ ಆ ಗೇಟಿಗೆ ಎಣ್ಣೆ ಹಾಕ್ತೆ."

ಹೆಂಡತಿ ತಲೆ ಎತ್ತಿದಳು. ಸಿಟ್ಟಿಲ್ಲ, ಕಣ್ಣೀರಿಲ್ಲ. ಅಡುಗೆ ಹೇಳಿಕೊಡುವ ದನಿಯಲ್ಲಿ ಅಂದಳು:

"ಎಣ್ಣೆ ಹಾಕ್ಬೇಡಿ. ಸದ್ದು ಆಗ್ಲಿ. ನೀವು ಗೇಟು ದಾಟಿ ಒಳಗೆ ಬರೂದ್ರೊಳಗೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಳ್ಳೂಕೆ ನಂಗೆ ಸರಿಯಾಗಿ ಅಷ್ಟೇ ಹೊತ್ತು ಸಿಗ್ತಿತ್ತು."